ತಾಡೋಲೆಯಲ್ಲಿ ಸಿಕ್ಕ ಕಲ್ಯಾಣ

20ನೇ ಶತಮಾನದ ಮೊದಲ ವರ್ಷಗಳು. ಕಾನೂನು ಓದಿದ ತರುಣ ಫ.ಗು. ಹಳಕಟ್ಟಿಯವರಿಗೆ ರಬಕವಿಯ ಮಂಚಾಲೆಯವರ ಮನೆಯಲ್ಲಿ ವಚನಗಳ ತಾಡೋಲೆ ಕಟ್ಟುಗಳು ನೋಡಸಿಕ್ಕವು. ಇಂಥ ಕಟ್ಟುಗಳಿಗೆ ಎಷ್ಟೋ ಮನೆಗಳಲ್ಲಿ ಪೂಜೆ ನಡೆಯುತ್ತಿತ್ತು, ಬಿಚ್ಚಿ ಓದುವವರು ವಿರಳ. ಹಳಕಟ್ಟಿ ಓದಿದರು. ಅಲ್ಲಿಂದ ಮುಂದೆ ವಿಜಯಪುರದ ಈ ವಕೀಲರು ಊರೂರು ಅಲೆದು ಓಲೆ ಕೂಡಿಸತೊಡಗಿದರು.

ಅಚ್ಚು ಹಾಕಿಸುವುದು ಹುಡುಕುವುದಕ್ಕಿಂತ ಕಷ್ಟವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಹಸ್ತಪ್ರತಿಯನ್ನು ಮರಳಿಸಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಅವರು ‘ಹಿತಚಿಂತಕ’ ಎಂಬ ತಮ್ಮದೇ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು.

ವಚನಕಾರ ಶರಣರು ಕೂಡಿದ್ದ ಕಲ್ಯಾಣದ ಕತೆ ನಾಡಿಗೆ ಹೊಸದಾಗಿರಲಿಲ್ಲ. ರಗಳೆ, ಪುರಾಣಗಳು ಶರಣರ ಪವಾಡಗಳನ್ನು ಹಾಡಿಕೊಂಡೇ ಬಂದಿದ್ದವು. ಹಳಕಟ್ಟಿಯವರ ಕೈಗೆ ಸಿಕ್ಕಿದ್ದು ಮಾತು. ಅಂಬಿಗ, ಮಡಿವಾಳ, ಸೂಳೆ ಸಂಕವ್ವ ಎಲ್ಲರೂ ತಮ್ಮ ಬಾಯಿಂದಲೇ ಆಡಿದ ಮಾತು. ಅವರು 1930ರಲ್ಲಿ ಪ್ರಕಟಿಸಿದ ‘ಶೂನ್ಯಸಂಪಾದನೆ’ಯಲ್ಲಂತೂ ವಚನಗಳು ಸಂವಾದವಾಗಿಯೇ ಜೋಡಣೆಗೊಂಡಿವೆ. ರಂಗಭೂಮಿ ಕಾಯುತ್ತಿದ್ದುದು ಇದಕ್ಕೇ.

ಆ ದನಿಗಳಲ್ಲಿ ಬಹಳಷ್ಟು ಕಲ್ಯಾಣಕ್ಕೆ ಹೊರಗಿನಿಂದ ಬಂದವು. ಬಸವಣ್ಣ ಬಾಗೇವಾಡಿಯವರು, ಅಲ್ಲಮ ಬಳ್ಳಿಗಾವೆಯವರು, ಸಿದ್ಧರಾಮ ಇಂದಿನ ಸೊಲ್ಲಾಪುರದವರು. ಇನ್ನೂ ದೂರದಿಂದ ಬಂದವರೂ ಇದ್ದರು. ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಿಂದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಹುಮನಾಬಾದ್ ಸಿಗುತ್ತದೆ. ಆ ಸೀಮೆಯ ಮೊಳಕೇರಾದಲ್ಲಿ ಜನ ಇಂದಿಗೂ ಮೋಳಿಗೆಯ ಮಾರಯ್ಯನ ಗವಿ ತೋರಿಸುತ್ತಾರೆ. ಐತಿಹ್ಯದ ಪ್ರಕಾರ ಆತ ಕಾಶ್ಮೀರದ ಅರಸ. ರಾಜ್ಯ ತೊರೆದು ರಾಣಿಯೊಡನೆ ಬಂದು ಇಲ್ಲಿ ಕಟ್ಟಿಗೆ ಹೊರೆ ಮಾರಿದ. ಯಾವ ಸೀಮೆಯವನೆಂದು ಕೇಳದೆ ಕಲ್ಯಾಣ ಅವನ ಕಾಯಕವನ್ನು ನೋಡಿ ತನ್ನವನೆಂದಿತು.

ಶರಣರ ಈ ಮಾತುಗಳು ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ, ಆಮೇಲೆ ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ದಲ್ಲಿ ರಂಗಕ್ಕೇರಿದವು. 1989ರಲ್ಲಿ ಗಿರೀಶ ಕಾರ್ನಾಡರು ‘ತಲೆದಂಡ’ ಬರೆದರು. ಮಂಡಲ್ ಮತ್ತು ಮಂದಿರದ ಪ್ರಶ್ನೆಗಳು ದೇಶದಲ್ಲಿ ಕಾವೇರುತ್ತಿದ್ದ ಕಾಲವದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯಿಂದ ರಾಜ್ಯವೇ ಉರಿದ ಕತೆಯನ್ನು ಅವರು ಇಡೀ ಭಾರತದ ಕತೆಯಾಗಿಸಿದರು. ಈ ನೆಲ ಯಾರದು, ಯಾರು ನಮ್ಮವರು ಎಂಬುದೇ ನಾಟಕದ ಪ್ರಶ್ನೆ. ಹಿಂದಿಯಲ್ಲಿ ‘ರಕ್ತ ಕಲ್ಯಾಣ’ವಾಗಿ ಅದನ್ನು ಇಬ್ರಾಹಿಂ ಅಲ್ಕಾಜಿ ದೆಹಲಿಯಲ್ಲಿ ಆಡಿಸಿದರು. 1994ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹಿಂದೆ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ್ ಜಿಲ್ಲೆ 1956ರಲ್ಲಿ ಭಾಷೆಯ ಆಧಾರದ ಮೇಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದರೂ ಈ ಭಾಗದ ಸಂತೆಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಒಟ್ಟಿಗೇ ಕಿವಿಗೆ ಬೀಳುತ್ತವೆ. ‘ತಲೆದಂಡ’ವನ್ನು ರಾಜಧಾನಿಗಳ ಸಭಾಂಗಣಗಳಲ್ಲಿ ಆಡಿದ್ದು ಸಾಲದು. ಮನ್ನಾಏಖೇಳ್ಳಿಯಂಥ ಊರುಗಳ ಬಯಲಲ್ಲಿ ಅದು ನಡೆಯಬೇಕು. ಹಳಕಟ್ಟಿಯವರು ಹುಡುಕಿಕೊಟ್ಟ ಮಾತು ಮೂಲತಃ ಈ ಜನರದು. ಅದರ ಮೇಲೆ ಮೊದಲ ಹಕ್ಕೂ ಇವರದೇ.