ಕಾರಿನಲ್ಲಿ ಮಗು ಮಡಿಲಲ್ಲಿದ್ದರೆ ಭದ್ರವೇ? ನ್ಯೂಟನ್ ನಿಯಮ ಹೇಳುವುದೇ ಬೇರೆ!

‘ಹಿಂದಿನ ಸೀಟಿನಲ್ಲಿ ಕೂತವರಿಗೆ ಬೆಲ್ಟ್ ಯಾಕೆ? ಮಗುವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಆಯ್ತು.’ ಮದುವೆಗೋ ದೇವಸ್ಥಾನಕ್ಕೋ ಕಾರಿನಲ್ಲಿ ಹೊರಟಾಗ ಈ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ‘ಬೆಲ್ಟ್ ಹಾಕಿದರೆ ಅಪಘಾತವಾದಾಗ ಒಳಗೇ ಸಿಕ್ಕಿಹಾಕಿಕೊಳ್ಳುತ್ತೀರಿ’ ಎಂಬ ಮಾತೂ ಹರಿದಾಡುತ್ತಿರುತ್ತದೆ. ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಹೈಸ್ಕೂಲಿನ ವಿಜ್ಞಾನ ಪುಸ್ತಕದ ಒಂದು ಪಾಠ ಸಾಕು. ಬನ್ನಿ, ಲೆಕ್ಕ ಹಾಕಿ ನೋಡೋಣ.

ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವವರು ಯಾರು?

ಬಸ್ಸಿನಲ್ಲಿ ನಿಂತಿದ್ದೇವೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾರೆ. ಯಾರೋ ಹಿಂದಿನಿಂದ ನೂಕಿದಂತೆ ಮುಂದಕ್ಕೆ ಮುಗ್ಗರಿಸುತ್ತೇವೆ. ಆದರೆ ನಿಜದಲ್ಲಿ ಯಾರೂ ನೂಕಿಲ್ಲ. ಬಸ್ಸಿನ ಜೊತೆ ನಮ್ಮ ದೇಹವೂ ಅದೇ ವೇಗದಲ್ಲಿ ಹೋಗುತ್ತಿತ್ತು. ಬ್ರೇಕ್ ನಿಲ್ಲಿಸಿದ್ದು ಬಸ್ಸನ್ನು. ಬಸ್ಸಿನ ನೆಲದ ಘರ್ಷಣೆಯಿಂದ ನಮ್ಮ ಪಾದಗಳೂ ನಿಂತವು. ಮೇಲಿನ ದೇಹವನ್ನು ಮಾತ್ರ ಯಾರೂ ನಿಲ್ಲಿಸಲಿಲ್ಲ, ಅದು ಮುಂದಕ್ಕೆ ಹೋಗುತ್ತಲೇ ಇತ್ತು.

ಇದಕ್ಕೆ ಜಡತ್ವ ಎಂದು ಹೆಸರು. ಹೊರಗಿನಿಂದ ಬಲ ಬೀಳುವವರೆಗೆ ನಿಂತ ವಸ್ತು ನಿಂತೇ ಇರುತ್ತದೆ, ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಐಸಾಕ್ ನ್ಯೂಟನ್ ಇದನ್ನೇ ಚಲನೆಯ ಮೊದಲ ನಿಯಮವಾಗಿ ಹೇಳಿದ್ದು.

10 ಕೆ.ಜಿ. ಮಗು, 140 ಕೆ.ಜಿ. ಭಾರ

ಈಗ ಕಾರಿಗೆ ಬರೋಣ. ವೇಗ ಗಂಟೆಗೆ 50 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ನಿಂತ ಲಾರಿಗೆ ಕಾರು ಗುದ್ದಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಕಾರು ನಿಂತರೂ ಮಡಿಲಲ್ಲಿರುವ ಮಗು ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ. ಕಾರಿನ ಜೊತೆಗೇ ಮಗುವೂ ನಿಲ್ಲಬೇಕಾದರೆ ಅಮ್ಮನ ಕೈಗಳು ಎಷ್ಟು ಬಲ ಹಾಕಬೇಕು?

ಎರಡನೇ ನಿಯಮದ ಪ್ರಕಾರ ಬಲ ಎಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧ. 0.1 ಸೆಕೆಂಡಿನಲ್ಲಿ 14 ಮೀಟರ್ ವೇಗ ಸೊನ್ನೆಗೆ ಇಳಿಯಬೇಕು. ಅಂದರೆ ಪ್ರತಿ ಸೆಕೆಂಡಿಗೆ 140ರ ದರದಲ್ಲಿ ವೇಗ ಕಡಿಮೆಯಾಗಬೇಕು. ಮಗು 10 ಕೆ.ಜಿ. ಇದ್ದರೆ 10 × 140 = 1,400 ನ್ಯೂಟನ್. ಸುಮಾರು 140 ಕೆ.ಜಿ. ಭಾರ ಎತ್ತಿ ಹಿಡಿಯಲು ಬೇಕಾಗುವಷ್ಟು ಬಲ ಇದು. 50 ಕೆ.ಜಿ.ಯ ಸಿಮೆಂಟ್ ಮೂಟೆ ಮೂರಕ್ಕೆ ಸ್ವಲ್ಪವೇ ಕಡಿಮೆ! ಅದೂ ಮುನ್ಸೂಚನೆ ಇಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ.

ಇದು ಪ್ರೀತಿಯ ಪ್ರಶ್ನೆಯಲ್ಲ, ತೋಳಿನ ಬಲದ ಪ್ರಶ್ನೆಯೂ ಅಲ್ಲ. ಎಂಥ ಪೈಲ್ವಾನನ ಕೈಯಿಂದಲೂ ಮಗು ಜಾರಿಹೋಗುತ್ತದೆ.

‘ಊರೊಳಗೇ ತಾನೇ, ನಿಧಾನವಾಗಿ ಹೋಗುತ್ತೇವೆ’ ಎನ್ನುವವರಿಗೂ ಲೆಕ್ಕ ಇದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿದ್ದು, ಅಷ್ಟೇ ಸಮಯದಲ್ಲಿ ಕಾರು ನಿಂತರೂ ಅದೇ ಮಗು ಸುಮಾರು 70 ಕೆ.ಜಿ. ಭಾರವಾಗುತ್ತದೆ.

ಇನ್ನೊಂದು ಅಪಾಯವೂ ಇದೆ. ಬೆಲ್ಟ್ ಹಾಕದ ಅಮ್ಮನ ದೇಹವೂ ಅದೇ ವೇಗದಲ್ಲಿ ಮುಂದಕ್ಕೆ ಬರುತ್ತದೆ. ಆಗ ಮುಂದಿನ ಸೀಟು ಮತ್ತು ಅಮ್ಮನ ದೇಹದ ನಡುವೆ ಮಗು ಸಿಲುಕುತ್ತದೆ. ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟ್ ಬಿಗಿದರೂ ದೊಡ್ಡವರ ಭಾರವೆಲ್ಲ ಬೀಳುವುದು ಮಗುವಿನ ಮೇಲೆಯೇ.

ಬೆಲ್ಟ್ ಮಾಡುವ ಕೆಲಸವೇನು?

ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಚೆಂಡು ನಿಲ್ಲಲು ಹೆಚ್ಚು ದೂರ, ಹೆಚ್ಚು ಸಮಯ ಸಿಕ್ಕರೆ ಕೈಗೆ ಬೀಳುವ ಪೆಟ್ಟು ಕಡಿಮೆ. ಬೆಲ್ಟ್ ಮಾಡುವುದೂ ಇದನ್ನೇ. ಗುದ್ದಿದಾಗ ಕಾರಿನ ಮುಂಭಾಗ ನಜ್ಜುಗುಜ್ಜಾಗುತ್ತಾ ನಿಲ್ಲುತ್ತದೆ. ಬೆಲ್ಟ್ ನಮ್ಮನ್ನು ಕಾರಿಗೆ ಕಟ್ಟಿಹಾಕಿರುವುದರಿಂದ ನಾವೂ ಅದರ ಜೊತೆಗೇ ನಿಲ್ಲುತ್ತೇವೆ. ಜೊತೆಗೆ ಬಲವನ್ನು ಭುಜ, ಎದೆ ಮತ್ತು ಸೊಂಟದ ಗಟ್ಟಿ ಮೂಳೆಗಳಿಗೆ ಬೆಲ್ಟ್ ಹಂಚುತ್ತದೆ. ಬೆಲ್ಟ್ ಇಲ್ಲದಿದ್ದರೆ ತಲೆ ಗಟ್ಟಿ ವಸ್ತುವಿಗೆ ಬಡಿದು ಕೆಲವೇ ಸೆಂಟಿಮೀಟರ್‌ಗಳಲ್ಲಿ ನಿಲ್ಲುತ್ತದೆ. ನಿಲ್ಲುವ ದೂರ ಹತ್ತು ಪಟ್ಟು ಕಡಿಮೆಯಾದರೆ ಬಲ ಹತ್ತು ಪಟ್ಟು ಹೆಚ್ಚುತ್ತದೆ.

ಇಂದು ನಾವು ಬಳಸುವ ಭುಜ-ಸೊಂಟದ ಮೂರು ಬಿಂದುಗಳ ಬೆಲ್ಟನ್ನು ರೂಪಿಸಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್, 1959ರಲ್ಲಿ. ಜೀವ ಉಳಿಸುವ ವಸ್ತು ಎಂದು ಕಂಪನಿ ಅದರ ಪೇಟೆಂಟನ್ನು ಎಲ್ಲ ಕಾರು ತಯಾರಕರಿಗೂ ಮುಕ್ತವಾಗಿಟ್ಟಿತು.

‘ಹೊರಗೆ ಬಿದ್ದರೆ ಬದುಕುತ್ತೇವೆ’ ಎಂಬುದು ನಿಜವೇ?

ಕಾರಿನಿಂದ ಹೊರಗೆ ಹಾರಿದವರ ವೇಗವೂ ಗಂಟೆಗೆ ಸುಮಾರು 50 ಕಿ.ಮೀ. ಇರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಕಟ್ಟಡದ ತಾರಸಿಯಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗವೂ ಇಷ್ಟೇ. ಅವರನ್ನು ನಿಲ್ಲಿಸುವುದು ರಸ್ತೆ, ಮರ ಅಥವಾ ವಿದ್ಯುತ್ ಕಂಬ. ಒಳಗೆ ಸಿಕ್ಕಿಕೊಳ್ಳುವ ಭಯಕ್ಕೂ ಉತ್ತರವಿದೆ. ಬೆಲ್ಟ್ ಬಿಚ್ಚಲು ಒಂದು ಗುಂಡಿ ಒತ್ತಿದರೆ ಸಾಕು, ಆದರೆ ಒತ್ತಲು ನಮಗೆ ಪ್ರಜ್ಞೆ ಇರಬೇಕು. ತಲೆಗೆ ಪೆಟ್ಟು ಬೀಳದಂತೆ ನೋಡಿಕೊಂಡು ಆ ಪ್ರಜ್ಞೆ ಉಳಿಸಲು ನೆರವಾಗುವುದು ಬೆಲ್ಟೇ.

ಹಾಗಾದರೆ ಏನು ಮಾಡಬೇಕು?

• ಹಿಂದೆ ಕೂತವರೂ ಬೆಲ್ಟ್ ಹಾಕಿ. ಹಾಕದಿದ್ದರೆ ನಿಮ್ಮ ಭಾರವೆಲ್ಲ ಮುಂದೆ ಕೂತವರ ಬೆನ್ನಿಗೆ ಬಡಿಯುತ್ತದೆ.
• ಚಿಕ್ಕ ಮಕ್ಕಳನ್ನು ಹಿಂದಿನ ಸೀಟಿನಲ್ಲಿ, ಅವರ ವಯಸ್ಸು ಮತ್ತು ಎತ್ತರಕ್ಕೆ ಹೊಂದುವ ಮಕ್ಕಳ ಸೀಟಿನಲ್ಲಿ ಕೂರಿಸಿ. ಹಸುಗೂಸುಗಳ ಸೀಟು ಕಾರಿನ ಹಿಂಭಾಗಕ್ಕೆ ಮುಖ ಮಾಡಿರಬೇಕು.
• ಮಗುವನ್ನು ಎತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂರಲೇಬೇಡಿ. ಏರ್‌ಬ್ಯಾಗ್ ತೆರೆದುಕೊಳ್ಳುವ ರಭಸವೇ ಮಗುವಿಗೆ ಮಾರಕವಾಗಬಹುದು.
• ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂ. ದಂಡವಿದೆ.

ದಂಡ ತಪ್ಪಿಸಿಕೊಳ್ಳಬಹುದು, ಪೊಲೀಸರ ಕಣ್ಣೂ ತಪ್ಪಿಸಬಹುದು. ಆದರೆ ಜಡತ್ವದಿಂದ ತಪ್ಪಿಸಿಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಮುಂದಿನ ಬಾರಿ ‘ಮಡಿಲಲ್ಲಿದ್ದರೆ ಸಾಕು’ ಎಂದು ಯಾರಾದರೂ ಹೇಳಿದರೆ, 10 ಕೆ.ಜಿ. ಮಗು 140 ಕೆ.ಜಿ. ಆಗುವ ಈ ಲೆಕ್ಕವನ್ನು ಅವರಿಗೆ ಕಳುಹಿಸಿ.