ಮುಧೋಳ ನಾಯಿಗೆ ತಿಮ್ಮಾಪುರದ ಆಸರೆ

ಘೋಡ್‌ಬಂದರ್ ರಸ್ತೆ ಹೆದ್ದಾರಿಗೆ ಕೂಡುವ ಠಾಣೆಯ ಮಾಜಿವಾಡಾದಲ್ಲಿ ಮುಗಿಲು ಮುಟ್ಟುವ ಕಟ್ಟಡಗಳಿವೆ, ನಿಲ್ಲದ ವಾಹನಗಳಿವೆ, ನಾಯಿಯೊಂದು ಮೈಚಾಚಿ ಓಡುವಷ್ಟು ಬಯಲಿಲ್ಲ. ಅಲ್ಲಿನ ಕನ್ನಡಿಗರೊಬ್ಬರಿಗೆ ಊರಿನ ಅಭಿಮಾನದಿಂದ ಮುಧೋಳ ನಾಯಿ ಸಾಕುವ ಆಸೆ ಬರಬಹುದು. ಇನ್ನೊಬ್ಬರಿಗೆ, ಸಾಕಲಾರದವರು ಕೈಬಿಟ್ಟ ಮುಧೋಳ ನಾಯಿಗಳಿಗೊಂದು ಆಸರೆ ಸಂಸ್ಥೆ ಕಟ್ಟುವ ಮನಸ್ಸಾಗಬಹುದು. ಇಬ್ಬರೂ ಮೊದಲು ನೋಡಬೇಕಾದದ್ದು ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರವನ್ನು.

ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ಬೇಟೆನಾಯಿಗಳನ್ನು ಮುತುವರ್ಜಿಯಿಂದ ಬೆಳೆಸಿದರು. ಐದನೇ ಜಾರ್ಜ್ ದೊರೆಗೂ ಕಾಣಿಕೆ ಕೊಟ್ಟರು. ಸಂಸ್ಥಾನಗಳು ಹೋದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೂ ನಿಂತಿತು. ಅದು ಆಗಬೇಕಾದದ್ದೇ. ಆದರೆ ಎರೆಹೊಲದಲ್ಲಿ ಮೊಲದ ಬೆನ್ನಟ್ಟಲೆಂದೇ ರೂಪುಗೊಂಡ ನಾಯಿಗೆ ಕೆಲಸವಿಲ್ಲದಾಯಿತು. ಕಂಡ ತಳಿಯೊಂದಿಗೆಲ್ಲ ಬೆರೆತು ಅದು ಕರಗಿಹೋಗುವ ಭಯವಿತ್ತು.

ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಡೆಸುತ್ತಿರುವುದು ಇದಕ್ಕಾಗಿಯೇ. ಶುದ್ಧ ತಳಿಯ ಗಂಡು ಹೆಣ್ಣುಗಳನ್ನು ಆರಿಸಿ ಮರಿ ಮಾಡಿಸುವುದು, ಸಾಕುವವರಿಗೆ ಕೊಡುವುದು, ಆರೈಕೆಯ ತಿಳಿವಳಿಕೆ ಹೇಳುವುದು ಅಲ್ಲಿನ ಕೆಲಸ. ತಳಿಯ ಹೆಸರೂ ಏರುತ್ತ ಹೋಯಿತು: 2005ರಲ್ಲಿ ಅಂಚೆಚೀಟಿ, 2016ರಲ್ಲಿ ತಿಮ್ಮಾಪುರದ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ, 2020ರಲ್ಲಿ ಪ್ರಧಾನಿಯವರ ‘ಮನ್ ಕಿ ಬಾತ್’ನಲ್ಲಿ ಪ್ರಸ್ತಾಪ.

ಹೆಸರು ಬಂದಲ್ಲಿಗೆ ಕೊಳ್ಳುವವರೂ ಬರುತ್ತಾರೆ, ನನ್ನ ಆತಂಕವಿರುವುದು ಅಲ್ಲಿ. ತೆಳ್ಳನೆಯ ಮೈ, ಎದ್ದು ಕಾಣುವ ಪಕ್ಕೆಲುಬು ಈ ನಾಯಿಯ ಸಹಜ ರೂಪ; ಗೊತ್ತಿಲ್ಲದವರು ಹಸಿದಿದೆ ಎಂದುಕೊಳ್ಳುತ್ತಾರೆ. ಅಪರಿಚಿತರು ಮೈಮುಟ್ಟಿದರೆ ಸೇರದು. ಬೆಕ್ಕು ಓಡಿದರೆ ಬೆನ್ನಟ್ಟದೆ ಬಿಡದು. ಕೊಬ್ಬು ಕಡಿಮೆಯಿರುವ ಇಂಥ ಓಟದ ನಾಯಿಗಳಿಗೆ ಕೆಲವು ಅರಿವಳಿಕೆ ಮದ್ದುಗಳು ಅಪಾಯಕಾರಿ. ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರಿಗೆ ತಳಿ ಯಾವುದೆಂದು ಹೇಳಲೇಬೇಕು. ಒಂದೇ ತಳಿಗೆಂದು ಸಂಸ್ಥೆ ಕಟ್ಟುವುದಕ್ಕೆ ಅರ್ಥವಿರುವುದು ಇಂಥ ತಿಳಿವಳಿಕೆಯಿಂದ.

ಆದರೆ ತಿಮ್ಮಾಪುರದ ಕೆಲಸವನ್ನೇ ಮಾಜಿವಾಡಾದಲ್ಲಿ ಮಾಡಹೊರಟರೆ ತಪ್ಪಾದೀತು. ಅಲ್ಲಿ ಉಳಿಸುವುದು ವಂಶವನ್ನು, ಇಲ್ಲಿ ಉಳಿಸಬೇಕಾದದ್ದು ಜೀವವನ್ನು. ಆಸರೆಗೆ ಬಂದ ನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ದತ್ತು ಕೊಡಬೇಕು. ಇಲ್ಲದಿದ್ದರೆ ಆಸರೆ ಮನೆಯೇ ಮರಿ ವ್ಯಾಪಾರಿಗಳಿಗೆ ದಾರಿಯಾಗುತ್ತದೆ. ಹೊಸದಾಗಿ ಬಂದ ನಾಯಿಯನ್ನು ಕೆಲಕಾಲ ಬೇರೆಯಾಗಿಟ್ಟು ಪಾರ್ವೊ, ಡಿಸ್ಟೆಂಪರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಠಾಣೆಯ ಮಳೆಗಾಲಕ್ಕೆ ಇಲಿಜ್ವರದ ಲಸಿಕೆಯೂ ಬೇಕು. ಮಹಾರಾಷ್ಟ್ರದಲ್ಲಿ ಟ್ರಸ್ಟ್ ಮಾಡುವುದಾದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ನೋಂದಣಿ ಆಗಬೇಕು. ಅಲ್ಲಿಯೂ ಈ ನಾಯಿಯನ್ನು ಕಾರವಾನ್ ಎಂಬ ಹೆಸರಿನಲ್ಲಿ ಸಾಕಿಬಲ್ಲ ಮನೆತನಗಳಿವೆ. ಹೊಲವಿರುವ ಅಂಥವರ ಮನೆ ಸಿಕ್ಕರೆ ನಾಯಿಗೆ ಅದಕ್ಕಿಂತ ಒಳ್ಳೆಯ ನೆಲೆಯಿಲ್ಲ. ದತ್ತು ಪಡೆದವರಿಗೆ ಸಾಕಲಾಗದಿದ್ದರೆ ಸಂಸ್ಥೆಗೇ ಮರಳಿಸಬೇಕೆಂಬ ಷರತ್ತು ಪತ್ರದಲ್ಲಿರಲಿ.

ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಗುರಿಯಾಗುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮುಧೋಳ ಮರಿ ಬೇಕೆನ್ನುವವರು ದಿನವೂ ಅದನ್ನು ಓಡಿಸಲು ಬಯಲೂ ಬಿಡುವೂ ತಮಗಿವೆಯೇ ಎಂದು ನೋಡಿಕೊಳ್ಳಿ. ಇಲ್ಲವಾದರೆ ದಯವಿಟ್ಟು ತರಬೇಡಿ.