ಕೀಲುಬೇನೆಯೂ ಪಾರ್ಶ್ವವಾಯುವೂ: ವಂಶವಾಹಿಗಳ ಸಾಕ್ಷ್ಯ

ಸಂಧಿವಾತ, ಪಕ್ಷಾಘಾತಗಳೆರಡನ್ನೂ ಆಯುರ್ವೇದವು ವಾತವ್ಯಾಧಿಗಳಲ್ಲಿ ಗಣಿಸಿದೆ. ಆದರೆ ಒಂದೇ ವರ್ಗಕ್ಕೆ ಸೇರಿದ ಮಾತ್ರಕ್ಕೆ ಒಂದು ಮತ್ತೊಂದಕ್ಕೆ ಕಾರಣವೆನ್ನಲಾಗದು. ನಾವು ಆಮವಾತವೆನ್ನುವ ರುಮಟಾಯ್ಡ್ ಕೀಲುರೋಗವುಳ್ಳವರಲ್ಲಿ ಪಾರ್ಶ್ವವಾಯು ಹೆಚ್ಚು. ಅದಕ್ಕೆ ಕಾರಣ ಉರಿಯೂತವೋ, ನಡಿಗೆ ನಿಂತದ್ದೋ, ವರ್ಷಗಟ್ಟಲೆ ನುಂಗಿದ ನೋವಿನ ಮಾತ್ರೆಯೋ?

ಈ ಗಂಟನ್ನು ಬಿಡಿಸಲು ವಿಜ್ಞಾನಿಗಳು ವಂಶವಾಹಿಗಳನ್ನು ಪರಿಶೀಲಿಸುತ್ತಾರೆ. ತಂದೆತಾಯಿಗಳಿಂದ ಬಂದ ಅವು ಆಹಾರ, ಔಷಧಿಗಳಿಗೆ ಮೊದಲೇ ನಿಶ್ಚಿತವಾಗಿರುತ್ತವೆ. ಕೀಲುರೋಗದ ಸಂಭವವನ್ನು ಹೆಚ್ಚಿಸುವ ವಂಶವಾಹಿ ಭೇದಗಳನ್ನು ಪಡೆದು ಹುಟ್ಟಿದವರಲ್ಲಿ ಪಾರ್ಶ್ವವಾಯುವೂ ಹೆಚ್ಚಾಗಿ ಕಂಡರೆ, ಕೀಲುರೋಗವೇ ಕಾರಣವೆಂಬ ವಾದಕ್ಕೆ ಬಲ ಬರುತ್ತದೆ. ಇಂತಹ ಅಧ್ಯಯನಗಳು ಬಹುಪಾಲು ಯುರೋಪ್ ಮೂಲದವರ ಮಾಹಿತಿಯನ್ನೇ ಆಧರಿಸಿವೆ. ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದ ‘ಜೀನೋಮ್ ಇಂಡಿಯಾ’ ಯೋಜನೆಯು ಸುಮಾರು 10,000 ಭಾರತೀಯರ ವಂಶವಾಹಿ ಮಾಹಿತಿಯನ್ನು 2025ರಲ್ಲಿ ಸಂಶೋಧಕರಿಗೆ ತೆರೆದಿಟ್ಟಿದೆ. ಈ ಕೊರತೆ ನೀಗಲು ಅದು ನೆರವಾದೀತು.

ಸದ್ಭಕ್ತರು ಅಲ್ಲಿಯವರೆಗೆ ಕಾಯಬೇಕಿಲ್ಲ. ಅನೇಕ ನೋವಿನ ಮಾತ್ರೆಗಳು ರಕ್ತದೊತ್ತಡವನ್ನೇರಿಸುತ್ತವೆ. ವೈದ್ಯರನ್ನು ಕೇಳದೆ ಅವನ್ನು ಮುಂದುವರಿಸಬಾರದು. ಕೀಲುಬೇನೆಯವರು ರಕ್ತದೊತ್ತಡ, ಸಕ್ಕರೆಗಳನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಹಠಾತ್ತಾಗಿ ಬಾಯಿ ಸೊಟ್ಟಗಾದರೆ, ಕೈ ಬಲಗುಂದಿದರೆ ಅಥವಾ ಮಾತು ತೊದಲಿದರೆ ಎಣ್ಣೆ ತಿಕ್ಕುತ್ತ ಕೂರಬೇಡಿರೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ; ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ 4.5 ಗಂಟೆಗಳೊಳಗೇ ಕೊಡಬೇಕಾಗುತ್ತದೆ.